ಮಳೆನಾಡಿನಲ್ಲಿ ಸ್ಪೀಕರ್ ಬಾಕ್ಸ್‌ಗೆ ಯಾವ ಹಲಗೆ?

ಪ್ರಶ್ನೆ: ಆರೂವರೆ ಇಂಚಿನ ಎರಡು ಸ್ಪೀಕರ್‌ಗಳಿವೆ. ಡ್ರಿಲ್, ಜಿಗ್‌ಸಾ ಬಿಟ್ಟರೆ ಬೇರೆ ಸಲಕರಣೆ ಇಲ್ಲ. ಬಾಕ್ಸ್‌ಗೆ ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ತರಲೇ ಸರ್?
- ಓದುಗರು, ತೀರ್ಥಹಳ್ಳಿ

ಉತ್ತರ: ನಮ್ಮ ಕಡೆಗೆ ಎಂಡಿಎಫ್ ಬೇಡ. ಆಗುಂಬೆ ಮಗ್ಗುಲಲ್ಲೇ ಇದ್ದೀರಿ, ಅಲ್ವಾ? ಕತ್ತರಿಸಿದ ಅಂಚು ಆಷಾಢದ ತೇವ ಹೀರಿ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ನಮ್ಮ ಮನೆಯ ಜೋಡಿ 18 ಎಂಎಂ ಮರೀನ್ ಪ್ಲೈವುಡ್‌ನದು, ಅಂದರೆ ತೇವ ತಡೆಯುವ ಪ್ಲೈವುಡ್. ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 710 (ಮರೀನ್ ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆ ನೋಡಿ.

ನೇರ ಕೊಯ್ತವನ್ನೆಲ್ಲ ಅಂಗಡಿಯಲ್ಲೇ ಮಾಡಿಸಿ. ಜಿಗ್‌ಸಾ ದುಂಡು ತೂತಿಗೆ ಮಾತ್ರ ಸಾಕು. ಹೊರ ಅಳತೆ (ಎತ್ತರ, ಅಗಲ, ಆಳ) 40, 24, 30 ಸೆಂ.ಮೀ. ಇಟ್ಟರೆ ಒಳಗೆ ಸುಮಾರು 19.6 ಲೀಟರ್ ಜಾಗ ಸಿಗುತ್ತದೆ. ಅದು ನಿಮ್ಮ ಸ್ಪೀಕರ್‌ಗೆ ಹೊಂದುತ್ತದೆಯೇ ಎಂಬುದನ್ನು ಅದರ ಮಾಹಿತಿ ಹಾಳೆಯ ವಿಎಎಸ್ (ಕೋನ್‌ನ ಸ್ಪ್ರಿಂಗ್‌ನಂಥ ಹಿಡಿತಕ್ಕೆ ಸಮನಾದ ಗಾಳಿಯ ಪ್ರಮಾಣ), ಕ್ಯೂಟಿಎಸ್ (ಕೋನ್‌ನ ಅದುರು ಎಷ್ಟು ಬೇಗ ತಣಿಯುತ್ತದೆ ಎಂಬುದರ ಅಳತೆ) ಅಂಕಿಗಳೇ ಹೇಳಬೇಕು. ಸುಮ್ನೆ ಅಂದಾಜಿಗೆ ಕತ್ತರಿಸಬೇಡಿ.

ಮುಚ್ಚಿದ ಬಾಕ್ಸ್‌ನಲ್ಲಿ ಗಾಳಿ ಸೋರಲೇಬಾರದು. ಸಂದಿಗಳಿಗೆ ಫೆವಿಕಾಲ್ ಜಾಸ್ತಿಯೇ ಹಚ್ಚಿ. ವೈರ್ ಹೊರಬರುವ ಕಡೆ ಸಿಲಿಕೋನ್ ತುಂಬಿ. ಎರಡು ಪಕ್ಕದ ಹಲಗೆಗಳ ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ಅದುರು ಕಡಿಮೆಯಾಗುತ್ತದೆ. ಒಳಗೆ ಹತ್ತಿ ಬೇಡ, ತೇವ ಹಿಡಿಯುತ್ತದೆ. ದಿಂಬಿನ ಪಾಲಿಯೆಸ್ಟರ್ ಹಾಕಿ. ಒಳಮೈಗೂ ವಾರ್ನಿಷ್ ಬಳಿಯಿರಿ, ಆದರೆ ಅಂಟು ಹಚ್ಚುವ ಅಂಚು ಬಿಟ್ಟು.