ಪೂರ್ತಿ ನಿಷ್ಪಕ್ಷಪಾತವಾದ ಪತ್ರಿಕೆ ಇರಲು ಸಾಧ್ಯವೇ?

ಸಂಪೂರ್ಣ ನಿಷ್ಪಕ್ಷಪಾತವಾದ ದಿನಪತ್ರಿಕೆ ಎಲ್ಲಿಯಾದರೂ ಇದೆಯೇ, ಇಲ್ಲದಿದ್ದರೆ ಮನೆಗೆ ಯಾವುದನ್ನು ತರಿಸುವುದು ಎಂದು ನೀವು ಕೇಳಿದ್ದೀರಿ. ಮೊದಲ ಪ್ರಶ್ನೆಗೆ ನನ್ನ ಉತ್ತರ, ಇಲ್ಲ. ನಾನು ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕದ ಕಡೆಯವನು. ಮಂಗಳೂರಿನಲ್ಲಿ ಅಚ್ಚಾಗುವ ಒಂದು ಕನ್ನಡ ದಿನಪತ್ರಿಕೆಗೆ ಹನ್ನೊಂದು ವರ್ಷ ಬಿಡಿ ಸುದ್ದಿಗಾರನಾಗಿ ದುಡಿದಿದ್ದೇನೆ. ನಮ್ಮ ಮನೆಗೆ ಕನ್ನಡದ್ದೊಂದು, ಮಲಯಾಳದ್ದೊಂದು, ಹೀಗೆ ಎರಡು ಪತ್ರಿಕೆಗಳು ಬರುತ್ತವೆ. ಈ ಎರಡನ್ನೂ ದಿನವೂ ಓದುವವನಿಗೆ ಪಕ್ಷಪಾತ ಎಲ್ಲಿಂದ ಶುರುವಾಗುತ್ತದೆ ಎಂಬುದು ಬೇಗ ತಿಳಿಯುತ್ತದೆ.

ಅದು ಊರಿನ ಹೆಸರಿನಿಂದಲೇ ಶುರುವಾಗುತ್ತದೆ. ಒಂದರಲ್ಲಿ ಮಂಜೇಶ್ವರ ಎಂದಿರುವುದು ಇನ್ನೊಂದರಲ್ಲಿ ಮಂಜೇಶ್ವರಂ ಆಗಿರುತ್ತದೆ. 2021ರಲ್ಲಿ ಮಧೂರು ಮೊದಲಾದ ಊರುಗಳ ಹೆಸರನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ವಿವಾದ ಎದ್ದಾಗ, ಆ ಸುದ್ದಿ ಬರೆಯಬೇಕಾದ ಎರಡೂ ಭಾಷೆಯ ವರದಿಗಾರರು ಮೊದಲ ಸಾಲಿನಲ್ಲೇ ಊರಿನ ಹೆಸರನ್ನು ಬರೆಯಬೇಕಾಗಿತ್ತು. ಹಾಗೆ ಬರೆದ ಕೂಡಲೇ ಅವರು ಒಂದು ಬದಿಗೆ ನಿಂತಂತಾಗುತ್ತಿತ್ತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಭಾಷೆಯಿಲ್ಲದೆ ಸುದ್ದಿಯಿಲ್ಲ, ಭಾಷೆಯ ಜೊತೆಗೆ ಓದುಗರ ಬಳಗವೊಂದು ಬಂದೇ ಬರುತ್ತದೆ. ಹಿಂದೆ ಪತ್ರಿಕೆಗಳು ಹೀಗಿರಲಿಲ್ಲ ಎನ್ನುವವರಿದ್ದಾರೆ. 1843ರ ಜುಲೈ 1ರಂದು ಹೊರಟ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ದ ಸಂಪಾದಕ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದರು ಎಂಬುದನ್ನು ಅಂಥವರಿಗೆ ನೆನಪಿಸಬೇಕಾಗುತ್ತದೆ.

2020ರ ಮಾರ್ಚ್ ಕೊನೆಯ ವಾರದ ಸಂಗತಿಯನ್ನು ನಾನು ಮರೆಯಲಾರೆ. ಕೊರೋನಾ ಹರಡದಂತೆ ತಡೆಯಲು ಕರ್ನಾಟಕವು ಗಡಿಯಲ್ಲಿರುವ ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು, ಒಳರಸ್ತೆಗಳಿಗೂ ಮಣ್ಣು ಸುರಿಯಿತು. ನಮ್ಮ ಜಿಲ್ಲೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುತ್ತಿದ್ದ ರೋಗಿಗಳು ಗಡಿಯಲ್ಲೇ ಸಿಕ್ಕಿಕೊಂಡರು, ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ಆ ದಿನಗಳಲ್ಲಿ ನಮ್ಮ ಜಗಲಿಯ ಮೇಲೆ ಅಕ್ಕಪಕ್ಕ ಬಿದ್ದಿರುತ್ತಿದ್ದ ಎರಡು ಪತ್ರಿಕೆಗಳಲ್ಲಿ ಮಲಯಾಳದ್ದು ಆ್ಯಂಬುಲೆನ್ಸಿನೊಳಗಿನ ರೋಗಿಯ ಕಡೆಯಿಂದ ಬರೆದರೆ, ಕನ್ನಡದ್ದು ಸೋಂಕಿಗೆ ಹೆದರಿದ ಮಂಗಳೂರಿನವರ ಕಡೆಯಿಂದ ಬರೆಯುತ್ತಿತ್ತು. ಎರಡರಲ್ಲೂ ಸುಳ್ಳಿರಲಿಲ್ಲ. ಆಗ ಕೇರಳದಲ್ಲಿ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದಾಗಿದ್ದುದು ನಿಜ, ಡಯಾಲಿಸಿಸ್‌ಗೆ ಮಂಗಳೂರನ್ನೇ ನಂಬಿದವರು ನಮ್ಮಲ್ಲಿದ್ದುದೂ ನಿಜ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಬೇಕೆಂದು ಆದೇಶಿಸಿದಾಗ ಒಂದು ಪತ್ರಿಕೆಗೆ ಅದು ಮುಖಪುಟದ ತಲೆಬರಹವಾಯಿತು, ಇನ್ನೊಂದಕ್ಕೆ ಪುಟದ ಕೆಳಗಿನ ಎರಡು ಕಾಲಂ ಆಯಿತು. ನಮ್ಮ ಪಕ್ಕದ ಉಕ್ಕಿನಡ್ಕದಲ್ಲಿ 2013ರಲ್ಲೇ ಅಡಿಗಲ್ಲು ಹಾಕಿದ್ದ ಸರಕಾರಿ ಮೆಡಿಕಲ್ ಕಾಲೇಜು ಇಷ್ಟು ವರ್ಷವಾದರೂ ಯಾಕೆ ಮುಗಿಯಲಿಲ್ಲ ಎಂಬ ಪ್ರಶ್ನೆ, ಅಂದರೆ ನಮ್ಮ ರೋಗಿಗಳು ಗಡಿ ದಾಟಲೇಬೇಕಾಗಿ ಬಂದ ಕಾರಣ, ನಾನು ಓದಿದ ಮಟ್ಟಿಗೆ ಎರಡರಲ್ಲೂ ಒಳಪುಟ ಬಿಟ್ಟು ಮೇಲೆ ಬರಲಿಲ್ಲ. ತಲೆಬರಹದ ಓಲುವಿಕೆಯನ್ನು ಓದುಗ ಹೇಗೋ ಗುರುತಿಸಿಯಾನು. ಅಚ್ಚಾಗದೇ ಉಳಿದದ್ದನ್ನು ಗುರುತಿಸುವುದು ಬಹಳ ಕಷ್ಟ.

ನಾನೇ ಆ ತಪ್ಪಿನ ಪಾಲುದಾರನಾಗಿದ್ದೇನೆ, ಆದ್ದರಿಂದ ಅದನ್ನೂ ಹೇಳಬೇಕು. ಬಿಡಿ ಸುದ್ದಿಗಾರನಿಗೆ ಸಂಬಳವಿಲ್ಲ. ಅಚ್ಚಾದ ಸುದ್ದಿಗೆ ಅಳತೆಯ ಲೆಕ್ಕದಲ್ಲಿ ಒಂದಿಷ್ಟು ಹಣ, ತಂದ ಜಾಹೀರಾತಿಗೆ ಕಮಿಶನ್. ದೇವಸ್ಥಾನಗಳ ಬ್ರಹ್ಮಕಲಶೋತ್ಸವಕ್ಕೆ ಪುರವಣಿ ಹೊರಡುವಾಗ ಊರಿನ ಅಂಗಡಿಯವರಿಂದ, ಗುತ್ತಿಗೆದಾರರಿಂದ ಶುಭಾಶಯದ ಜಾಹೀರಾತು ಕೇಳಿ ತರಬೇಕಾದವನೂ ಅವನೇ. ಒಮ್ಮೆ ಕೆಂಪುಕಲ್ಲಿನ ಕೋರೆಯೊಂದರಿಂದ ಸುತ್ತಲಿನ ಏಳು ಮನೆಗಳ ಬಾವಿ ಬತ್ತಿದ್ದನ್ನು ನಾನು ಹೋಗಿ ನೋಡಿ ಬರೆದೆ. ಒಂದು ಮನೆಯ ಅಕ್ಕ ಕೊಡಪಾನವನ್ನು ಬಾವಿಗೆ ಇಳಿಸಿ ತೋರಿಸಿದರು. ಹಗ್ಗ ಮುಗಿದರೂ ನೀರಿನ ಸದ್ದು ಬರಲಿಲ್ಲ, ತಳದ ಕಲ್ಲಿಗೆ ತಾಗಿದ ಸದ್ದು ಬಂತು. ಆ ಕೋರೆಯ ಧಣಿ ಪ್ರತಿ ಪುರವಣಿಗೂ ಅರ್ಧ ಪುಟ ಕೊಡುತ್ತಿದ್ದವರು. ನನ್ನ ವರದಿ ಮೂರು ವಾರ ಅಚ್ಚಾಗಲಿಲ್ಲ, ಕೊನೆಗೆ ಹೆಸರುಗಳೆಲ್ಲ ಹೋಗಿ, ‘ಸ್ಥಳೀಯರು ಆರೋಪಿಸಿದ್ದಾರೆ’ ಎಂಬ ನಾಲ್ಕು ಸಾಲಾಗಿ ಬಂತು. ಬರೆಯಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಆದರೆ ಮರುವರ್ಷ ಇನ್ನೊಂದು ಕೋರೆಯ ದೂರು ಬಂದಾಗ ನಾನು ಆ ಕಡೆಗೆ ಹೋಗಲೇ ಇಲ್ಲ. ಈ ನಡುವೆ ಪುರವಣಿಯೊಂದಕ್ಕೆ ಹಣ ಒಟ್ಟುಮಾಡುವುದಿತ್ತು. ಆ ಅಕ್ಕನ ಮುಖ ನೆನಪಾದಾಗಲೆಲ್ಲ ಈಗಲೂ ನನಗೆ ಸಂಕಟವಾಗುತ್ತದೆ. ಓದುಗ ಕೊಡುವ ಬೆಲೆ ಪತ್ರಿಕೆಯ ಖರ್ಚಿಗೆ ಸಾಲುವುದಿಲ್ಲ, ಉಳಿದದ್ದನ್ನು ಜಾಹೀರಾತೇ ತುಂಬಬೇಕು ಎಂಬ ವ್ಯವಸ್ಥೆ ಇರುವವರೆಗೆ ಈ ಒತ್ತಡ ತಪ್ಪದು. ಚುನಾವಣೆಯ ಕಾಲದ ‘ಕಾಸಿಗಾಗಿ ಸುದ್ದಿ’ ಇದರ ಬೆಳೆದ ರೂಪ. ಅದರ ದೂರನ್ನು ವಿಚಾರಿಸುವ ಭಾರತೀಯ ಪತ್ರಿಕಾ ಮಂಡಳಿಗೆ ಛೀಮಾರಿ ಹಾಕುವ ಅಧಿಕಾರವಿದೆಯೇ ಹೊರತು ದಂಡ ವಿಧಿಸುವ ಅಧಿಕಾರವಿಲ್ಲ.

ಹಾಗಾದರೆ ಎರಡೂ ಕಡೆಯವರ ಮಾತನ್ನು ಸಮನಾಗಿ ಹಾಕಿಬಿಟ್ಟರೆ ನಿಷ್ಪಕ್ಷಪಾತವಾಯಿತೇ? ಹಾಗೆಂದು ನಾನು ಒಪ್ಪುವುದಿಲ್ಲ, ಅದಕ್ಕೆ ಕಾರಣ ನಮ್ಮ ಜಿಲ್ಲೆಯದೇ ಊರಾದ ಎಣ್ಮಕಜೆ. ಅಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಔಷಧಿಯನ್ನು ಸಿಂಪಡಿಸಲಾಯಿತು. ಅಂಗವೈಕಲ್ಯದ ಕರುಗಳು ಹುಟ್ಟುವುದನ್ನು ಗಮನಿಸಿ ಬಹಳ ಮೊದಲೇ ಬರೆದವರು ಅದೇ ಊರಿನಲ್ಲಿ ನೆಲೆಸಿರುವ ಕೃಷಿಕ, ಪತ್ರಕರ್ತ ಶ್ರೀಪಡ್ರೆ. ತನ್ನ ತಲೆಯ ಮೇಲೆಯೇ ಔಷಧಿ ಬೀಳುತ್ತಿದ್ದವನನ್ನು ತಟಸ್ಥನೆಂದು ಹೇಗೆ ಕರೆಯುವುದು? ಆದರೆ ಔಷಧಿ ಸುರಕ್ಷಿತ ಎಂಬ ಹೇಳಿಕೆಯನ್ನೂ ರೈತನ ಅಳಲನ್ನೂ ತಕ್ಕಡಿಯಲ್ಲಿ ಸಮತೂಗಿಸಿ ಕೈತೊಳೆದುಕೊಂಡ ವರದಿಗಿಂತ, ಹಟ್ಟಿಗೆ ಹೋಗಿ ಕರುವನ್ನು ನೋಡಿ ಬರೆದ ವರದಿಯೇ ಸತ್ಯಕ್ಕೆ ಹತ್ತಿರವಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಔಷಧಿಯನ್ನು ದೇಶದಲ್ಲೇ ತಡೆಯಿತು. ಪತ್ರಿಕೆಯಿಂದ ನಾನು ಕೇಳುವುದು ಪಕ್ಷವಿಲ್ಲದ ನಿಲುವನ್ನಲ್ಲ. ತಾನು ಎಲ್ಲಿ ನಿಂತು ನೋಡುತ್ತಿದ್ದೇನೆ ಎಂಬುದನ್ನು ಮುಚ್ಚಿಡದೆ, ತನ್ನ ಓದುಗರಿಗೂ ಜಾಹೀರಾತುದಾರರಿಗೂ ಹಿಡಿಸದ ಸಂಗತಿಯನ್ನು ಕಣ್ಣಾರೆ ಕಂಡು ಅಚ್ಚು ಹಾಕುವ ಎದೆಗಾರಿಕೆಯನ್ನು ಕೇಳುತ್ತೇನೆ. ಅದು ಸಾಧ್ಯ, ಆಗಾಗ ನಡೆದೂ ಇದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಿಮಗೆ ಎರಡು ಭಾಷೆ ಬರುವುದಾದರೆ ಎರಡು ಭಾಷೆಯವನ್ನು, ಬಾರದಿದ್ದರೆ ಬೇರೆ ಬೇರೆ ನಿಲುವಿನ ಎರಡನ್ನು ಒಂದು ತಿಂಗಳು ತರಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸುದ್ದಿಗಳಿಗೆ ಗುರುತು ಹಾಕಿಕೊಳ್ಳಿ. ತಪ್ಪಾದಾಗ ತಿದ್ದುಪಡಿಯನ್ನು ಯಾವ ಪುಟದಲ್ಲಿ, ಎಷ್ಟು ದೊಡ್ಡದಾಗಿ ಹಾಕುತ್ತಾರೆ ಎಂಬುದನ್ನು ನೋಡಿ. ಸಾಧ್ಯವಾದರೆ ನಿಮ್ಮ ತಾಲೂಕಿನ ವರದಿಗಾರರು ಯಾರು, ಅವರಿಗೆ ತಿಂಗಳ ಸಂಬಳವಿದೆಯೇ, ಜಾಹೀರಾತು ತರುವ ಕೆಲಸವೂ ಅವರ ತಲೆಗೇ ಕಟ್ಟಿದೆಯೇ ಎಂದು ವಿಚಾರಿಸಿ. ವರದಿಗಾರನಿಗೆ ಸಂಬಳ ಕೊಟ್ಟು, ಜಾಹೀರಾತಿನ ಹೊರೆಯನ್ನು ಬೇರೆಯವರಿಗೆ ಒಪ್ಪಿಸಿರುವ ಪತ್ರಿಕೆ ನಿಮ್ಮೂರಿಗೆ ಬರುತ್ತಿದ್ದರೆ, ಅದರ ರಾಜಕೀಯ ನಿಮಗೆ ಒಪ್ಪಿಗೆಯಾಗದಿದ್ದರೂ ಅದನ್ನೇ ತರಿಸಿ.