ಯೇಸು ಸಾವಿನಿಂದ ಎದ್ದು ಬಂದದ್ದರಿಂದ ಇವತ್ತಿನ ಕ್ರೈಸ್ತರಿಗೆ ಏನು ಭರವಸೆ?

ಯೇಸು ಎದ್ದು ಬಂದ ಹಾಗೆ ತಾವೂ ತಮ್ಮವರೂ ಒಂದು ದಿನ ಎದ್ದು ಬರುತ್ತೇವೆ ಅನ್ನುವುದೇ ಆ ಭರವಸೆ. ಅವರೊಬ್ಬರಿಗೆ ಆದ ಪವಾಡ ಅಂತ ಕ್ರೈಸ್ತರು ಇದನ್ನು ಸುಮ್ನೆ ಬಿಡುವುದಿಲ್ಲ. ಬೈಬಲ್‌ನಲ್ಲಿರುವ, ಕೊರಿಂಥ ಎಂಬ ಊರಿನ ಕ್ರೈಸ್ತರ ಸಭೆಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಸಂತ ಪೌಲರು ಯೇಸುವನ್ನು ‘ಪ್ರಥಮಫಲ’ ಎಂದು ಕರೆದಿದ್ದಾರೆ. ಅಂದರೆ ಸುಗ್ಗಿಯ ಮೊದಲ ತೆನೆ. ಮೊದಲ ತೆನೆ ಬಲಿತು ಕೈಗೆ ಬಂತು ಅಂದರೆ ಹೊಲದಲ್ಲಿ ಉಳಿದ ಪೈರೂ ಬರುತ್ತದೆ ಅಲ್ವಾ, ಹಾಗೆ.

ಸಾವಿನ ದುಃಖ ಇದರಿಂದ ಇಲ್ಲವಾಗುವುದಿಲ್ಲ. ಆದರೆ ಅದೇ ಕೊನೆಯಲ್ಲ ಅನ್ನುವ ಧೈರ್ಯ ಬರುತ್ತದೆ. ಯೇಸು ಎದ್ದು ಬಂದದ್ದನ್ನು ನೆನೆಯುವ ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಕ್ಯಾಥೊಲಿಕ್ ಚರ್ಚಿಗೆ ಹೋಗಿ ನೋಡಿ. ದೀಪ ಆರಿಸಿರುತ್ತಾರೆ. ಕತ್ತಲಲ್ಲಿ ಒಂದೇ ಒಂದು ದೊಡ್ಡ ಮೇಣದಬತ್ತಿ ಒಳಗೆ ಬರುತ್ತದೆ. ಅದರ ಬೆಳಕು ಬತ್ತಿಯಿಂದ ಬತ್ತಿಗೆ ದಾಟಿ, ಸ್ವಲ್ಪ ಹೊತ್ತಿಗೆ ಎಲ್ಲರ ಮುಖವೂ ಕಾಣುತ್ತದೆ.