ಖಿನ್ನತೆಯೋ, ಮಿದುಳಿನ ಕಾಯಿಲೆಯೋ?

ಪ್ರಶ್ನೆ: ನಮ್ಮ ತಂದೆಯವರಿಗೆ 57 ವರ್ಷ. ಎರಡು ವರ್ಷಗಳಿಂದ ಅವರಿಗೆ ಯಾವುದರಲ್ಲೂ ಆಸಕ್ತಿಯಿಲ್ಲ. ಹತ್ತಿರದವರ ಸಾವಿನ ಸುದ್ದಿಗೂ ಮರುಗುವುದಿಲ್ಲ, ಸಿಹಿತಿಂಡಿಯ ಚಪಲ ಮಿತಿಮೀರಿದೆ, ಅಪರಿಚಿತರೆದುರು ಆಡಬಾರದ ಮಾತಾಡುತ್ತಾರೆ. ಖಿನ್ನತೆಯೆಂದು ಒಂದು ವರ್ಷ ಮಾತ್ರೆ ಕೊಟ್ಟರೂ ಗುಣವಾಗಲಿಲ್ಲ. ನೆನಪಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದೆ. ಸ್ಕ್ಯಾನ್ ವರದಿಯಲ್ಲಿ ‘ವಯೋಸಹಜ ಬದಲಾವಣೆ’ ಎಂದಷ್ಟೇ ಇದೆ. ಈಗ ಇನ್ನೊಬ್ಬ ವೈದ್ಯರು ಡಿಮೆನ್ಷಿಯಾ (ಮಿದುಳಿನ ಶಕ್ತಿಗಳು ಕುಂದುತ್ತ ಹೋಗುವ ಕಾಯಿಲೆ) ಇರಬಹುದು ಎನ್ನುತ್ತಾರೆ. ಯಾರ ಮಾತನ್ನು ನಂಬುವುದು?

ಉತ್ತರ: ರೋಗಿಯನ್ನು ನೋಡದೆ ರೋಗದ ಹೆಸರು ಹೇಳುವುದು ಸರಿಯಲ್ಲ, ಆದರೆ ಎರಡನೆಯ ವೈದ್ಯರ ಅನುಮಾನ ಪೂರ್ಣ ಪರಿಶೀಲನೆಗೆ ತಕ್ಕದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹಣೆಯ ಹಿಂದಿನ ಮತ್ತು ಕಿವಿಗಳ ಪಕ್ಕದ ಮಿದುಳಿನ ಭಾಗಗಳು ಕ್ರಮೇಣ ಕ್ಷೀಣಿಸುವ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಬಹುಪಾಲು 45ರಿಂದ 65ರ ವಯಸ್ಸಿನೊಳಗೆ ಆರಂಭವಾಗುತ್ತದೆ. ಅದರ ಒಂದು ಮುಖ್ಯ ಬಗೆಯಲ್ಲಿ ನೆನಪಿಗಿಂತ ಮೊದಲೇ ನಡವಳಿಕೆ ಕೆಡುತ್ತದೆ. ವಾಡಿಕೆಯ 30 ಅಂಕಗಳ ಪರೀಕ್ಷೆಯಲ್ಲಿ ದಿನಾಂಕ, ಸ್ಥಳ, ಲೆಕ್ಕ, ಪದಗಳ ನೆನಪು ಇವನ್ನೆಲ್ಲ ಕೇಳುತ್ತಾರೆಯೇ ಹೊರತು ಸಂಯಮವನ್ನಾಗಲಿ ಪರರ ನೋವಿಗೆ ಮಿಡಿಯುವ ಗುಣವನ್ನಾಗಲಿ ಅಳೆಯುವುದಿಲ್ಲವಾದ್ದರಿಂದ, ಅಲ್ಲಿ ಬಂದ ಒಳ್ಳೆಯ ಅಂಕದಿಂದ ಈ ಕಾಯಿಲೆ ಇಲ್ಲವೆಂದು ತೀರ್ಮಾನಿಸಲಾಗದು. ಆರಂಭದಲ್ಲಿ ಎಂಆರ್‌ಐ ಕೂಡ ಸಹಜವಾಗಿ ಕಾಣಬಹುದು.

ಖಿನ್ನತೆಯಲ್ಲಿರುವವರು ಸಾಮಾನ್ಯವಾಗಿ ದುಃಖವನ್ನೋ ಅಪರಾಧಿ ಭಾವವನ್ನೋ ತಾವೇ ಹೇಳಿಕೊಳ್ಳುತ್ತಾರೆ. ಈ ಡಿಮೆನ್ಷಿಯಾದಲ್ಲಿ ರೋಗಿಗೆ ಯಾವ ದೂರೂ ಇರುವುದಿಲ್ಲ, ಸಂಕಟವೆಲ್ಲ ಮನೆಯವರದು. ಹಾಗಾಗಿ ರೋಗಿಯೊಬ್ಬರನ್ನೇ ‘ಹೇಗಿದ್ದೀರಿ’ ಎಂದು ಕೇಳಿ ಮುಗಿಸುವ ತಪಾಸಣೆಯೇ, ನನ್ನ ದೃಷ್ಟಿಯಲ್ಲಿ, ತಪ್ಪು ನಿರ್ಣಯದ ದೊಡ್ಡ ಮೂಲ. ಹಿಂದೆಂದೂ ಮಾನಸಿಕ ಕಾಯಿಲೆ ಇಲ್ಲದವರಲ್ಲಿ 50ರ ನಂತರ ಇಂಥ ಬದಲಾವಣೆ ಕಂಡರೆ ಮಿದುಳಿನತ್ತಲೂ ನೋಡಲೇಬೇಕು. ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆನ್ನಿ: ಖಿನ್ನತೆಯ ಮರೆವನ್ನೇ ಡಿಮೆನ್ಷಿಯಾ ಎಂದು ಬರೆದು ಕೈಬಿಟ್ಟ ಉದಾಹರಣೆಗಳಿಗೂ ಕೊರತೆಯಿಲ್ಲ.

ಬದಲಾವಣೆ ಎಷ್ಟು ಬೇಗ ಬಂತೆಂಬುದೂ ಮುಖ್ಯ. ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಗೊಂದಲ ತಲೆದೋರಿದರೆ ಸೋಂಕನ್ನೋ ಔಷಧದ ಅಡ್ಡಪರಿಣಾಮವನ್ನೋ ಹುಡುಕಬೇಕು. ವಾರಗಳಲ್ಲಿ ಉಲ್ಬಣಿಸಿದರೆ ಮಿದುಳಿನ ಉರಿಯೂತವಿದೆಯೇ, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ರಕ್ತ ಸೇರಿದೆಯೇ ಎಂದು ನೋಡಬೇಕು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ನಿಮ್ಮ ತಂದೆಯವರದು ವರ್ಷಗಳಲ್ಲಿ ಬೆಳೆದದ್ದು. ಆದರೂ ಥೈರಾಯ್ಡ್ ತೊಂದರೆ ಅಥವಾ ಬಿ12 ಜೀವಸತ್ವದ ಕೊರತೆ ಕಾರಣವೇ ಎಂದು ತಿಳಿಯುವ ರಕ್ತಪರೀಕ್ಷೆಗಳನ್ನು ಬಿಡಬಾರದು.

ನರರೋಗ ತಜ್ಞರು ಮತ್ತು ಮನೋವೈದ್ಯರು ಇಬ್ಬರೂ ನೋಡುವಂತೆ ಏರ್ಪಾಡು ಮಾಡಿಕೊಳ್ಳಿ. ಯಾವ ಬದಲಾವಣೆ ಯಾವಾಗ ಕಂಡಿತೆಂದು ಬರೆದಿಡಿ. ನಿದ್ರೆಗೆ, ಅಲರ್ಜಿಗೆ, ಮೂತ್ರದ ತೊಂದರೆಗೆ ನುಂಗುವ ಮಾತ್ರೆಗಳೂ ಸೇರಿದಂತೆ ಎಲ್ಲ ಔಷಧಗಳನ್ನೂ, ವರದಿಯ ಜೊತೆಗೆ ಸ್ಕ್ಯಾನ್ ಚಿತ್ರಗಳನ್ನೂ ಒಯ್ಯಿರಿ. ರಕ್ತಸಂಬಂಧಿಗಳಲ್ಲಿ ಇಂಥದೇ ನಡವಳಿಕೆ ಯಾರಿಗಾದರೂ ಇತ್ತೇ ಎಂಬುದನ್ನು ಮರೆಯದೆ ತಿಳಿಸಿ. ಸಂದೇಹ ಉಳಿದರೆ, ಮಿದುಳಿನ ಯಾವ ಭಾಗದ ಚಟುವಟಿಕೆ ಕುಗ್ಗಿದೆಯೆಂದು ತೋರಿಸುವ ಪೆಟ್ ಸ್ಕ್ಯಾನ್ ನೆರವಾಗಬಹುದು. ಆಗಲೂ ಸ್ಪಷ್ಟವಾಗದಿದ್ದರೆ ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಅಲ್ಲಿಯವರೆಗೆ ಈಗಿನ ಮಾತ್ರೆಗಳನ್ನು ನೀವಾಗಿಯೇ ಏಕಾಏಕಿ ನಿಲ್ಲಿಸಬೇಡಿ.